ನೀರಿನ ಟ್ಯಾಂಕ್ ಸ್ಟಾಪಿಗೆ ಆರು ನಿಮಿಷ

ಆ ಹಸಿರು ಚುಕ್ಕೆ ಮತ್ತೆ ಸರಿಯಿತು, ನೋಡುತ್ತಾ ಕೂತರೆ ಮಿಸುಕಾಡುವುದಿಲ್ಲ, ಆಕಡೆ ಈಕಡೆ ಕಣ್ಣು ಹೊರಳಿಸಿದ್ದೇ ತಡ, ಬೆರಳಗಲ ಮುಂದೆ ಹೋಗಿ ಏನೂ ಆಗದ ಹಾಗೆ ಕೂತಿರುತ್ತದೆ, ಕಳ್ಳ, ಗೋಡೆ ತುಂಬ ಹರಡಿದ ಪರದೆಯ ಮೇಲೆ ಇಂಥವು ಎಷ್ಟಿವೆಯೋ, ಹಸಿರು ಅಂದ್ರೆ ಹೊತ್ತಿಗೆ ಸರಿಯಾಗಿ ಓಡ್ತಿರೋ ಬಸ್ಸು, ಕೆಂಪು ಅಂದ್ರೆ ತಡ, ಬೂದು ಅಂದ್ರೆ ಸಿಗ್ನಲ್ಲೇ ಇಲ್ಲ, ಇದೆಯೋ ಸತ್ತಿದೆಯೋ ದೇವರಿಗೇ ಗೊತ್ತು ಅಂತ ಈ ಕಂಟ್ರೋಲ್ ಕೋಣೆಯ ಮೇಡಂ ಬೆಳಿಗ್ಗೆ ಹೇಳಿಕೊಟ್ಟಿದ್ದರು, ನಗಲಿ ಅಂತ ಹೇಳಿದ್ದಿರಬೇಕು, ಅವನಿಗೆ ನಗು ಬರಲಿಲ್ಲ. ಊರಿನ ಸ್ಟಾಪುಗಳಲ್ಲಿ ನೇತಾಡುವ ಬೋರ್ಡುಗಳಿಗೆಲ್ಲ ಇಂಥ ಬಸ್ಸು ಇಷ್ಟು ನಿಮಿಷಕ್ಕೆ ಬರುತ್ತೆ ಅನ್ನೋ ಸುದ್ದಿ ಹೋಗೋದು ಈ ಕೋಣೆಯಿಂದಲೇ, ಡಿಪೋದ ಮಹಡಿ ಮೇಲೆ ಇಂಥದೊಂದು ಕೋಣೆ ಇದೆ ಅಂತ ಗೊತ್ತಿತ್ತು, ಅರ್ಧ ಆಯುಸ್ಸು ಸ್ಟೀರಿಂಗ್ ಹಿಂದೆ ಕಳೆದವನು ಒಂದು ದಿನವೂ ಹತ್ತಿ ನೋಡಿರಲಿಲ್ಲ, ಕೆಳಗಿನಿಂದಲೇ ಬೈದುಕೊಂಡಿದ್ದ ಅಷ್ಟೆ, ಟ್ರಾಫಿಕ್ಕಿನಲ್ಲಿ ಬಸ್ಸು ಅಲ್ಲಾಡದೆ ನಿಂತಿರುವಾಗ ಬೋರ್ಡು ಎರಡು ನಿಮಿಷ ಎರಡು ನಿಮಿಷ ಅಂತ ಬೊಗಳೆ ಬಿಡೋದು, ಹತ್ತಿದವರು ಬೈಯೋದು ಮಾತ್ರ ಡ್ರೈವರ್‌ನ. ಈಗ ಆ ಬೊಗಳೆ ಬಿಡೋ ಕುರ್ಚಿಯಲ್ಲಿ ಅವನೇ. ಮತ್ತೆ ಆ ಚುಕ್ಕೆ, ಅದರ ಪಕ್ಕದಲ್ಲಿ ಅವನದೇ ಡ್ರೈವರ್ ನಂಬರು, ಬೆಳಿಗ್ಗೆ ಎಂದಿನಂತೆ ಸ್ಟೀರಿಂಗ್ ಪಕ್ಕದ ಡಬ್ಬಿಯಲ್ಲಿ ತಾನೇ ಒತ್ತಿದ್ದು, ಒತ್ತಿ ಕನ್ನಡಿ ಒರೆಸುತ್ತಿದ್ದಾಗ ಗುಮಾಸ್ತ ಓಡಿಬಂದು ಇಳೀರಿ ಸಾರ್, ಡಾಕ್ಟ್ರು ಕರೀತಿದಾರೆ, ಹೋದ ವಾರದ ಕಣ್ಣಿನ ರಿಪೋರ್ಟ್ ಬಂದಿದೆ ಅಂದ, ಬೇರೆ ಡಿಪೋದಿಂದ ಮೊನ್ನೆ ಬಂದ ಡ್ರೈವರ್, ಎಲ್ಲರೂ ಮೀಸೆ ಅನ್ನೋರು, ಬಸ್ ಹತ್ತಿ ಹೊರಟೇಹೋದ, ಅವಸರದಲ್ಲಿ ನಂಬರು ಬದಲಾಯಿಸಲೇ ಇಲ್ಲ, ಹಾಗಾಗಿ ಈ ಪರದೆಯ ಪ್ರಕಾರ ಬಸ್ಸು ಓಡಿಸುತ್ತಿರೋನು ಇವನೇ, ಎಂದೂ ಇಲ್ಲದ್ದು ಇವತ್ತು ಹೊತ್ತಿಗೆ ಸರಿಯಾಗಿ. ಅದನ್ನ ಬದಲಾಯಿಸಿಬಿಡಿ, ಮೀಸೆ ನಂಬರ್ ಹಾಕಿ ಅಂತ ಹೇಳಿ ಮೇಡಂ ಮೀಟಿಂಗಿಗೆ ಹೋಗಿ ಬಹಳ ಹೊತ್ತಾಯಿತು, ಒಂದೇ ಗುಂಡಿ, ಬೆರಳು ಏಳುತ್ತಿಲ್ಲ, ಇರಲಿ ಇನ್ನೊಂದು ಸ್ಟಾಪು ಹೋಗಲಿ.

ಚುಕ್ಕೆ ಕಂಡ ಕೂಡ್ಲೇ ಗುಂಡಿ ಒತ್ತಿ ಅಂತಲೇ ಹೋದ ವಾರ ಕಣ್ಣಿನ ಪರೀಕ್ಷೆಯಲ್ಲಿ ಆ ಡಾಕ್ಟ್ರೂ ಹೇಳಿದ್ದು, ಕತ್ತಲೆ ಡಬ್ಬಿಯೊಳಗೆ ಗದ್ದ ಊರಿಸಿ ಕೂರಿಸಿದ್ದರು, ಬೆಳಕಿನ ಚುಕ್ಕೆ ಅಲ್ಲೊಂದು ಇಲ್ಲೊಂದು, ಒತ್ತಿದ, ಒತ್ತಿದ, ಆಮೇಲೆ ಬರಲೇ ಇಲ್ಲ, ಮೆಷಿನ್ ಕೈಕೊಟ್ಟಿರಬೇಕು ಅಂದುಕೊಂಡು ಸುಮ್ಮನೆ ಕೂತ, ಇವತ್ತು ಡಾಕ್ಟ್ರು ರಿಪೋರ್ಟ್ ತಿರುವಿ, ಬರ್ತಾನೇ ಇತ್ತು ಯಜಮಾನ್ರೇ, ನಿಮಗೆ ಕಾಣಲಿಲ್ಲ ಅಷ್ಟೆ ಅಂದರು, ಎದುರಿಗೆ ಎಲ್ಲ ಸ್ವಚ್ಛವಾಗಿ ಕಾಣುತ್ತಲ್ಲ ಸಾರ್, ಎದುರಿಗೆ ಕಾಣುತ್ತೆ, ಪಕ್ಕದ್ದು ಹೋಗಿದೆ, ಎಡಗಡೆ ಜಾಸ್ತಿ, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ, ಕಣ್ಣಿಗೆ ಹನಿ ಹಾಕ್ಕೊಳ್ಳಿ, ಬಸ್ ಮುಟ್ಟಬೇಡಿ. ಎಷ್ಟು ಸಲೀಸಾಗಿ ಹೇಳಿಬಿಟ್ಟರು, ಬಸ್ ಮುಟ್ಟಬೇಡಿ, ಬಿಸಿ ಪಾತ್ರೆ ಮುಟ್ಟಬೇಡ ಅಂತ ಮಗುವಿಗೆ ಹೇಳಿದ ಹಾಗೆ. ಡಿಪೋದವರು ಅಲ್ಲಿಂದ ಸೀದಾ ಈ ಕುರ್ಚಿಗೆ ಕಳಿಸಿದರು, ಇನ್ನು ಮೇಲೆ ಡ್ಯೂಟಿ ಇಲ್ಲೇ ಅಂತ. ಅವನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಿದ್ದೆ, ಈ ಕುರ್ಚಿಯಲ್ಲೇ ತಲೆ ಆನಿಸಿ ಮಲಗಿಬಿಡೋಣ, ಎದ್ದಾಗ ಬೆಳಿಗ್ಗೆ ಆಗಿರಲಿ, ನಿನ್ನೆಯ ಬೆಳಿಗ್ಗೆ—ಚುಕ್ಕೆ ಹಾಲಿನ ಅಂಗಡಿ ದಾಟಿತು. ಅಯ್ಯೋ. ಹಾಲಿನ ಅಂಗಡಿ ದಾಟಿದ್ರೆ ಸ್ಟವ್ ಹಚ್ಚೋದು, ಶಾಲೆ ದಾಟಿದ್ರೆ ಮೆಟ್ಟಿಲು ಇಳಿಯೋದು, ಅವಳ ಲೆಕ್ಕ ಅದು, ಹೆಂಡತಿಯ ಲೆಕ್ಕ, ಬಸ್ಸು ಎಲ್ಲಿದೆ ಅಂತ ತೋರಿಸುವ ಆ್ಯಪನ್ನ ಮಗಳು ಅವಳ ಫೋನಿಗೆ ಹಾಕಿಕೊಟ್ಟ ದಿನದಿಂದ ಇದೇ ಕೆಲಸ, ಇವನ ಬಸ್ಸಿನ ಚುಕ್ಕೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಓಡಾಡೋದು, ನೀರಿನ ಟ್ಯಾಂಕ್ ಸ್ಟಾಪಿಗೆ ಸರಿಯಾಗಿ ಬಿಸಿ ಟೀ ತುಂಬಿದ ನೀಲಿ ಫ್ಲಾಸ್ಕ್ ಹಿಡಿದು ಇಳಿದು ಬರೋದು. ಮದುವೆಗೆ ಮುಂಚೆ ಕಾದಿದ್ದಕ್ಕಿಂತ ಈಗ್ಲೇ ಜಾಸ್ತಿ ಕಾಯ್ತಾಳೆ ನೋಡಪ್ಪ ಅಮ್ಮ ಅಂತ ಮಗಳು ರೇಗಿಸಿದರೆ, ಆಗ ನಿಮ್ಮಪ್ಪ ಎಲ್ಲಿದಾರೆ ಅಂತ ಯಾವ ಫೋನೂ ಹೇಳ್ತಿರಲಿಲ್ಲ ಬಿಡು ಅಂತ ಇವಳು. ಎರಡು ಮಹಡಿ, ಮಂಡಿ ನೋವು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು, ಬೇಡ ಕಣೇ ಅಂದರೆ ಕೇಳೋಳಲ್ಲ. ಬಸ್ಸು ನಿಲ್ಲುತ್ತೆ, ಮುಂಬಾಗಿಲು ಬುಸ್ ಅಂತ ತೆರೆದುಕೊಳ್ಳುತ್ತೆ, ಹತ್ತೋರು ಹತ್ತಿದ ಮೇಲೆ ಕೆಳಗಿನಿಂದ ಒಂದು ಕೈ ಮೇಲೆ ಬರುತ್ತೆ, ಕೈಯಲ್ಲಿ ನೀಲಿ ಫ್ಲಾಸ್ಕು, ಬಗ್ಗಿ ತಗೊಳ್ಳೋದು, ನಿನ್ನೆಯ ಖಾಲಿಯದನ್ನ ಕೊಡೋದು, ಮಾತಿಲ್ಲ ಕತೆಯಿಲ್ಲ, ಟೀ ಬಸ್ಸು ಬಂತು ಅಂತ ಮುಂದಿನ ಸೀಟಿನ ನರ್ಸಮ್ಮ ನಗೋದು.

ಫೋನ್ ಮಾಡಬೇಕು. ಜೇಬಿನಿಂದ ತೆಗೆದ, ಹೆಸರು ಬಂತು, ಒತ್ತಲಿಲ್ಲ, ಹಲೋ ಅಂದ ಕೂಡಲೇ ಏನಾಯ್ತು ರೀ, ಧ್ವನಿ ಯಾಕೆ ಹೀಗಿದೆ ಅಂತಾಳೆ, ಅಷ್ಟು ಕೇಳಿದರೆ ಸಾಕು, ಈ ಕೋಣೆಯಲ್ಲಿ ಆಕಡೆ ಮೇಜಿನ ಮುಂದೆ ಕೂತು ಕೆಲಸ ಮಾಡ್ತಿರೋ ಇಬ್ಬರ ಎದುರಿಗೇ ಅತ್ತುಬಿಡ್ತಾನೆ, ಅದು ಬೇಡ, ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು ಕೂತು ನಿಧಾನವಾಗಿ ಹೇಳಬೇಕಾದ ಮಾತು ಅದು, ಆದರೆ ಸಂಜೆವರೆಗೆ ಬಸ್ಸು ಕಾಯಲ್ಲವಲ್ಲ, ಬಾಗಿಲು ತೆರೆಯುತ್ತೆ, ಕೈ ಮೇಲೆ ಬರುತ್ತೆ, ಒಳಗೆ ಮೀಸೆ, ಅವನಿಗೆ ಇವಳು ಯಾರೋ ಇವಳಿಗೆ ಅವನು ಯಾರೋ, ನಮ್ಮ ಯಜಮಾನ್ರು ಎಲ್ಲಿ ಅಂತ ಕೇಳ್ತಾಳೆ, ಅವರನ್ನ ಇಳಿಸಿಬಿಟ್ರಲ್ಲಮ್ಮ ಅಂದುಬಿಟ್ಟರೆ, ರಸ್ತೆಯಲ್ಲಿ, ಹತ್ತು ಜನರ ಎದುರಿಗೆ, ಬೇರೆಯವನ ಬಾಯಿಂದ. ಶಾಲೆ ದಾಟಿತು. ಈಗ ಮೆಟ್ಟಿಲು ಇಳೀತಿದಾಳೆ. ಆಗಲೇ ನೆನಪಾಯಿತು, ಸ್ಟಾಪಿನ ಬೋರ್ಡಿನ ಕೊನೇ ಸಾಲಿಗೆ ಏನು ಬೇಕಾದರೂ ಟೈಪ್ ಮಾಡಿ ಕಳಿಸಬಹುದು ಅಂತ ಮೇಡಂ ತೋರಿಸಿಕೊಟ್ಟಿದ್ದರು, ಮುಂದೆ ರಸ್ತೆ ಕೆಲಸ, ಬಸ್ ಬೇರೆ ದಾರಿಯಲ್ಲಿ, ಅಂಥದಕ್ಕೆಲ್ಲ, ಒಂದೇ ಸ್ಟಾಪಿಗೂ ಕಳಿಸಬಹುದು ಅಂದಿದ್ದರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದ, ಬರುತ್ತಿರುವ ಬಸ್ಸಿನ ಚಾಲಕರು ಬದಲಾಗಿದ್ದಾರೆ, ಮತ್ತೇನು ಬರೆಯೋದು, ಚಿಂತೆ ಬೇಡ ಅಂತ ಬರೆಯೋದೇ, ಬರೆದ, ಹಿಂದಿನ ಚಾಲಕರು ಕ್ಷೇಮ, ಅದನ್ನೂ ಬರೆದ, ಯಾರಾದರೂ ಓದಿದರೆ ನಗ್ತಾರೆ, ನಗಲಿ, ಕಳಿಸು ಅನ್ನೋದನ್ನ ಒತ್ತಿದ, ಹೋಯಿತು, ಎದೆಯ ಭಾರ ಅರ್ಧ ಇಳಿದ ಹಾಗಾಯಿತು, ಕುರ್ಚಿಗೆ ಒರಗಿದ.

ಒರಗಿ ಕಣ್ಣು ಮುಚ್ಚಿದರೆ ಆ ಸ್ಟಾಪು, ದಿನಾ ಬಸ್ಸು ತಿರುಗಿಸಿಕೊಂಡು ಬರುವಾಗ ಕಾಣುವ ಹಾಗೆಯೇ, ತಗಡಿನ ಚಪ್ಪರ, ಚಪ್ಪರದೊಳಗೆ ಬೋರ್ಡು, ಬೋರ್ಡಿನ ಮುಂದೆ ಅವಳು, ರಸ್ತೆ ಕಡೆ ಮುಖ ಮಾಡಿಕೊಂಡು—ರಸ್ತೆ ಕಡೆ. ಬೋರ್ಡಿಗೆ ಬೆನ್ನು ಹಾಕಿ. ಎಂದಾದರೂ ತಿರುಗಿ ಅದನ್ನ ನೋಡಿದ್ದಾಳೆಯೇ, ಯಾಕೆ ನೋಡಬೇಕು ಅವಳು, ಅವಳ ಬಸ್ಸು ಎಲ್ಲಿದೆ ಅಂತ ಅವಳ ಕೈಯಲ್ಲೇ ಇದೆ, ನಿಂತ ಮೇಲೆ ಕಣ್ಣೆಲ್ಲ ರಸ್ತೆಯ ತಿರುವಿನ ಮೇಲೆ, ಬೋರ್ಡು ಇರೋದು ಗೊತ್ತಿಲ್ಲದವರಿಗೆ. ಎಂಥ ಪೆದ್ದ ನಾನು, ಕಾಯೋರೆಲ್ಲ ಓದುತ್ತಿರುತ್ತಾರೆ, ಚಾಲಕರು ಬದಲಾಗಿದ್ದಾರೆ, ಹಿಂದಿನ ಚಾಲಕರು ಕ್ಷೇಮ, ಓದಬೇಕಾದವಳೊಬ್ಬಳನ್ನು ಬಿಟ್ಟು ಎಲ್ಲರೂ. ಚುಕ್ಕೆ ಸ್ಟಾಪಿಗೆ ಬಂದು ನಿಂತಿತು. ಬಾಗಿಲು ಬುಸ್ ಅಂತ ತೆರೆದಿರುತ್ತೆ, ಕೈ ಮೇಲೆ ಬರುತ್ತೆ. ಮೊದಲೆಲ್ಲ ಆ ಕೈ ಬಾಗಿಲ ಹತ್ತಿರವೇ ಇರುತ್ತಿತ್ತು, ಇವನೇ ಎಡಕ್ಕೆ ಬಗ್ಗಿ ತಗೊಳ್ಳುತ್ತಿದ್ದ, ಈಚೆಗೆ ಅದು ಒಳಗೆ ಒಳಗೆ ಬರತೊಡಗಿತ್ತು, ಅವಳೇ ಒಂದು ಮೆಟ್ಟಿಲು ಹತ್ತಿ, ನೋಯುವ ಮಂಡಿಯಲ್ಲಿ, ಫ್ಲಾಸ್ಕನ್ನ ತಂದು ಅವನ ಮೂಗಿನ ನೇರಕ್ಕೆ ಹಿಡಿದು, ಇಲ್ಲಿ ರೀ, ಇಲ್ಲಿ ಅನ್ನೋಳು, ಎಲ್ಲಿ ನೋಡ್ತೀರಿ, ಅಂತ ನಗೋಳು, ಇವನೂ ನಗೋನು, ಟ್ರಾಫಿಕ್ ಕಣೇ ತಲೆ ಕೆಟ್ಟುಹೋಗಿದೆ ಅನ್ನೋನು. ಊಟಕ್ಕೆ ಕೂತಾಗಲೂ ಲೋಟವನ್ನ ಎಡಗಡೆಯಿಂದ ತೆಗೆದು ಬಲಗಡೆ ಇಡೋಳು. ಯಾವಾಗಿನಿಂದ. ಮೊನ್ನೆಯದಲ್ಲ ಅದು, ಮೊನ್ನೆಯದಲ್ಲ, ಬಹಳ ದಿನದ್ದು.

ಚುಕ್ಕೆ ಕದಲಲಿಲ್ಲ. ಹಸಿರು ಇದ್ದದ್ದು ನೋಡುತ್ತಿರುವಾಗಲೇ ಕೆಂಪಾಯಿತು, ಹಿಂದಿನ ಬಸ್ಸು ಬಂದು ಅದರ ಬೆನ್ನಿಗೆ ಅಂಟಿತು, ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಗರಗರ ಅಂತು, ಬಸ್ಸಿನಿಂದ ಕಂಟ್ರೋಲಿಗೆ ಮಾತಾಡುವ ಲೈನು, ಮೀಸೆಯ ಧ್ವನಿ, ಯಾರಿರೋದು ಕಂಟ್ರೋಲಲ್ಲಿ, ನಾನು ಅಂದ ಇವನು, ಅಣ್ಣ ನೀವೇನಾ, ಇಲ್ಲಿ ಒಬ್ರು ಬಾಗಿಲಲ್ಲಿ ಫ್ಲಾಸ್ಕ್ ಎತ್ತಿ ಹಿಡ್ಕೊಂಡು ನಿಂತಿದಾರೆ, ಯಜಮಾನ್ರು ಎಲ್ಲಿ ಅಂದ್ರು, ಅತ್ತಿಗೆ ಅಂತ ಕಾಣುತ್ತೆ, ಕೈ ಒಳಗಡೆ ಇದೆ, ಬಾಗಿಲು ಹಾಕೋಕೆ ಆಗ್ತಿಲ್ಲ. ತಗೋ ಅಂದ ಇವನು. ಫ್ಲಾಸ್ಕ್ ತಗೋ, ನನಗೇನೂ ಆಗಿಲ್ಲ ಅನ್ನು, ಡ್ಯೂಟಿ ಬದಲಾಗಿದೆ ಅನ್ನು. ಅಂದೆ ಅಣ್ಣ, ಎರಡು ಸಲ ಅಂದೆ, ಕೊಡ್ತಾ ಇಲ್ಲ. ಗರಗರ, ಯಾರೋ ಹಿಂದಿನಿಂದ ಬೇಗ ಹೊರಡಪ್ಪ ಅಂದದ್ದು, ಹಾರ್ನು, ಮತ್ತೆ ಮೀಸೆ, ಈ ಸಲ ಮೆಲ್ಲಗೆ, ಒಂದೇ ಮಾತು ಕೇಳ್ತಿದಾರೆ ಅಣ್ಣ, ಕಣ್ಣಾ ಅಂತ ಕೇಳ್ತಿದಾರೆ, ಅಷ್ಟೆ, ಏನ್ ಹೇಳ್ಲಿ—ಹೇಳು, ಹೇಳಬೇಡ, ತಡಿ, ಹೌದು ಅನ್ನು, ಮಾತಾಡುವ ಗುಂಡಿಯ ಮೇಲೆ ಬೆರಳು ಇದೆ, ಒತ್ತಬೇಕು, ಚುಕ್ಕೆ ಕೆಂಪಗೆ ನಿಂತಿದೆ, ಬಾಗಿಲು ತೆರೆದಿದೆ, ಮೇಲೆತ್ತಿದ ಕೈ, ಕೈಯಲ್ಲಿ ನೀಲಿ ಫ್ಲಾಸ್ಕು, ಅವನ ಮೂಗಿನ ನೇರಕ್ಕೆ, ಇಲ್ಲಿ ರೀ, ಇಲ್ಲಿ, ಮೇಲೆತ್ತಿದ ಕೈ, ಕೈಯಲ್ಲಿ ಫ್ಲಾಸ್ಕು, ಆ ಕೈ ಕಾಯುತ್ತಲೇ ಇದೆ.