ಮೋಡದ ನೆಪ

ಚಿಲಿಯ ಬೆಟ್ಟದ ಮೇಲಿನ ದೂರದರ್ಶಕ ಇಡೀ ಆಕಾಶದ ಚಿತ್ರವನ್ನು ತುಂಡು ತುಂಡಾಗಿ ತೆಗೆಯುತ್ತಿತ್ತು. ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುತ್ತಿದ್ದವನು ದೂರದ ಕೆನಡಾದ ಪಿಕರಿಂಗ್‌ನಲ್ಲಿ, ಆಕಾಶವೇ ಕಾಣದ ಬೇಸ್‌ಮೆಂಟಿನಲ್ಲಿ ಕೂತ ಸತ್ಯಪ್ರಕಾಶ್. ದಿನಾ ಸಂಜೆ ಬೆಟ್ಟಕ್ಕೆ ಫೋನು ಮಾಡಿ, ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಉಡುಪಿಯ ವಿನೋದಾಳನ್ನು ಮೋಡ ಇದೆಯಾ ಎಂದು ಕೇಳುತ್ತಿದ್ದ. ಅವಳು ಹೊರಗೆ ಹೋಗಿ ನೋಡಿ ಬಂದು ಹೇಳುತ್ತಿದ್ದಳು. ಮೋಡದ ವಿಷಯ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಈಗ ಮೋಡವನ್ನು ಅಳೆದು ಸರದಿಯನ್ನೂ ತಾನೇ ಗೊತ್ತುಮಾಡುವ ಪ್ರೋಗ್ರಾಂ ಬಂದಿದೆ. ಬರೆದವನು ಬೇರೆ ಯಾರೂ ಅಲ್ಲ, ಈ ಮಹಾನುಭಾವನೇ! ಆಫೀಸಿನವರು ಕೇಕು ಕತ್ತರಿಸಿ ಚಪ್ಪಾಳೆ ತಟ್ಟಿದ್ದೂ ಆಯಿತು. ಅಂದಿನಿಂದ ಫೋನು ಮಾಡಲು ನೆಪವೇ ಇಲ್ಲ. ಸಂಜೆಯ ಕಾಫಿಯೂ ರುಚಿಸುವುದಿಲ್ಲ.

ಇವತ್ತು ತಡೆಯಲಾರದೆ ಮಾಡಿಯೇಬಿಟ್ಟ. ಎದುರಿನ ಸ್ಕ್ರೀನು ಆಕಾಶ ಶುಭ್ರವಾಗಿದೆ ಎನ್ನುತ್ತಿತ್ತು.

“ಎಂತ ಮಾರಾಯ್ರೆ, ನಿಮ್ಮ ಪ್ರೋಗ್ರಾಂ ಹಾಳಾಯ್ತಾ?” ಎಂದಳು ವಿನೋದಾ.

“ಇಲ್ಲಾರೀ, ಚೆನ್ನಾಗೇ ರನ್ ಆಗ್ತಿದೆ. ಅಲ್ಲಿ... ಮೋಡ ಇದ್ಯಾ?”

ಅದೇ ಸ್ಕ್ರೀನು ಅವಳ ಮುಂದೆಯೂ ಇತ್ತು.

“ಫೋನ್ ಇಡ್ಬೇಡಿ ಆಯ್ತಾ,” ಎಂದಳು. “ಹೊರಗೆ ಹೋಗಿ ನೋಡಿ ಬರ್ತೇನೆ.”