ಮುಗಿಸಬಾರದ ಸೀರೆ

"ಕಾಕಾ, ಸ್ವಲ್ಪ ಸಾವಕಾಶ. ಇವರಿಗೆ ಫೋಟೋ ಬರವಲ್ದಂತ," ಎಂದ ಮನೋಹರ.

ಕುಬೇರಪ್ಪ ಲಾಳಿಯನ್ನು ಒಂದು ಸಲ ಓಡಿಸಿ, ಕೈಯನ್ನು ಎತ್ತಿದಲ್ಲೇ ಹಿಡಿದು ಕೂತ. ಇದಕ್ಕಿಂತ ಸಾವಕಾಶ ಬೇಕೆಂದರೆ ಕಾಲಿಳಿಬಿಟ್ಟ ಮಗ್ಗದ ಕುಣಿಯಲ್ಲೇ ನಿದ್ದೆ ಮಾಡಬೇಕು.

ಮಗ್ಗದ ಸುತ್ತ ಬೆಂಗಳೂರಿನ ಹನ್ನೊಂದು ಜನ ಟೋಪಿ ಹಾಕಿಕೊಂಡು ನಿಂತಿದ್ದರು. ಬೆಳಿಗ್ಗೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಬಸದಿ. ಮಧ್ಯಾಹ್ನ ಬೆಟಗೇರಿಯ ಕೈಮಗ್ಗ. ಆಮೇಲೆ ಗಿರ್ಮಿಟ್ಟು, ಮಿರ್ಚಿ. ಮನೋಹರ ನಡೆಸುವ ಪ್ರವಾಸದ ಪಟ್ಟಿ ಹೀಗಿತ್ತು. "ಆರುನೂರು ವರ್ಷದ ಪರಂಪರೆ ಸರ್ ಇದು," ಎಂದು ಅವನು ಹೇಳುತ್ತಿದ್ದ. ದೀಪಾವಳಿಯಲ್ಲಿ ಅದು ನಾನೂರು ಇತ್ತು. ಒಂದೇ ಚಳಿಗಾಲದಲ್ಲಿ ಇನ್ನೂರು ವರ್ಷ ಮುದಿಯಾದದ್ದು ತನ್ನ ಮೊಣಕಾಲು ಮಾತ್ರ ಎಂದು ಕುಬೇರಪ್ಪ ತಿಳಿದಿದ್ದ.

ಮೂರು ದಿನಕ್ಕೊಂದು ಸೀರೆ ಇಳಿಸಿದ ಕೈ ಅದು. ಈ ಸೀರೆ ಮಾತ್ರ ದೀಪಾವಳಿಯಿಂದ ಮಗ್ಗದ ಮೇಲೇ ಇತ್ತು. ಪ್ರವಾಸಿಗಳು ಬಂದಾಗ ನಾಲ್ಕು ಬೆರಳು ನೇಯುವುದು, ಹೋದಮೇಲೆ ಬಟ್ಟೆ ಹೊದಿಸುವುದು. ಮಗ್ಗಕ್ಕೆ ಸುತ್ತಿದ ಉದ್ದೆಳೆಗಳ ಹಾಸಿನಲ್ಲಿ ಇದೇ ಕಡೆಯ ಸೀರೆ. ಇದು ಮುಗಿದರೆ ಹೊಸ ಹಾಸಿನ ಎರಡು ಸಾವಿರ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೆಚ್ಚಬೇಕು. ನಲವತ್ತು ವರ್ಷದಿಂದ ಅದು ಹೆಂಡತಿ ಅನ್ನವ್ವನ ಕೆಲಸ. ಹೋದ ವರ್ಷದಿಂದ ಅವಳು ಅಕ್ಕಿಯಲ್ಲಿಯ ಕಲ್ಲನ್ನು ಕಣ್ಣಿನಿಂದಲ್ಲ, ಕೈಯಾಡಿಸಿ ಹುಡುಕುತ್ತಿದ್ದಳು. ಅದನ್ನು ಅವಳೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಓಣಿಯಲ್ಲಿ ಕೆಚ್ಚುವವರು ಬೇರೆ ಯಾರೂ ಉಳಿದಿರಲಿಲ್ಲ. ಅವಳಿಂದ ಆಗದೆಂದರೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕುವುದೇ.

"ಈ ಸೀರೆ ನನಗೆ ಬೇಕು," ಎಂದಳು ಗುಂಪಿನಲ್ಲಿದ್ದ ಕಲ್ಪನಾ ಎಂಬಾಕೆ. "ಯಾವಾಗ ಮುಗಿಯುತ್ತೆ?"

"ಆಗತೈತ್ರಿ," ಎಂದ ಕುಬೇರಪ್ಪ, ಮಗ್ಗ ಬಿಟ್ಟು ಮೇಲೆ ನೋಡದೆ.

"ಕಾಕಾ ಕಲಾವಿದ್ರು ಮೇಡಂ, ಅವಸರ ಮಾಡಿದ್ರ ಮನಸ್ಸ ಬರೂದಿಲ್ಲ," ಎಂದು ಮನೋಹರ ನಡುವೆ ಬಂದ. ಮಗ್ಗ ಖಾಲಿಯಾದರೆ ಮುಂದಿನ ಗುಂಪಿಗೆ ತೋರಿಸುವುದೇನು ಎಂಬ ಚಿಂತೆ ಅವನದು.

"ನಾವು ನಾಳೆ ಸಂಜೆವರೆಗೂ ಗದಗದಲ್ಲೇ ಇರ್ತೀವಿ."

ಒಳಗಿನಿಂದ ಅನ್ನವ್ವನ ದನಿ ಬಂತು. "ನಾಳಿ ಮಧ್ಯಾಹ್ನ ಬರ್ರಿ ತಂಗಿ. ಮುಗದಿರತೈತಿ."

ಮಂದಿ ಗಿರ್ಮಿಟ್ಟಿಗೆ ಹೊರಟ ಮೇಲೆ ಕುಬೇರಪ್ಪ ಕುಣಿಯಿಂದ ಎದ್ದು ಬಂದ.

"ಯಾರನ್ನ ಕೇಳಿ ಹೇಳಿದಿ?"

"ಒಂದೂವರಿ ಮೊಳಾ ಉಳದೈತಿ. ಅದಕ್ಕ ಯುಗಾದಿತನಕಾ ಕುಂಡ್ರವ್ರೇನ ನೀವು?"

"ನನ್ನ ಮೊಣಕಾಲ ನೋಯ್ತಾವು."

"ಮೊಣಕಾಲ ನಿಮ್ಮವು. ಕಣ್ಣ ನನ್ನವು. ಅವನ್ನ ಕಾಯ್ರಿ ಅಂತ ನಾ ಏನ್ ಕೇಳಿದ್ನಿ ನಿಮಗ?"

ನಾಲ್ಕು ತಿಂಗಳಿಂದ ಅವಳಿಂದ ಮುಚ್ಚಿಟ್ಟಿದ್ದೇನೆ ಎಂದು ಕುಬೇರಪ್ಪ ಅಂದುಕೊಂಡಿದ್ದನ್ನು ಅವಳು ಕಂಡಕಿಗೆ ನೂಲು ಸುತ್ತುತ್ತಲೇ ಹೇಳಿ ಮುಗಿಸಿದ್ದಳು.

ಮರುದಿನ ಬೆಳಿಗ್ಗೆ ಮಗ್ಗದ ಸದ್ದೇ ಬೇರೆಯಾಗಿತ್ತು. ಎದುರುಮನೆಯ ಹನಮವ್ವ ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದಳು. "ಇವತ್ತ ನೋಡು ಮಂದಿ ಇಲ್ಲ ಅಂತ ಕಾಣತೈತಿ. ಖರೇನ ನೇಯಾಕ ಹತ್ಯಾನ ಮಾವ."

"ನೀ ನಿಂತ್ರ ಅದೂ ನಿಂದರತೈತಿ. ಹೋಗು," ಎಂದಳು ಅನ್ನವ್ವ.

ಹನ್ನೆರಡಕ್ಕೆ ಸೆರಗು ಮುಗಿಯಿತು. ಮುಂದಿನ ಹಾಸನ್ನು ಕೆಚ್ಚಲೆಂದು ಗೇಣುದ್ದ ಎಳೆ ಬಿಟ್ಟೇ ಕತ್ತರಿಸುವುದು ನೇಕಾರರ ವಾಡಿಕೆ. ಕುಬೇರಪ್ಪ ಕತ್ತರಿ ಹಿಡಿದು ಎಳೆಗಳ ಮೇಲೆ ಗೇಣು ಅಳೆದ. ಆಮೇಲೆ ಗೇಣಿಗಿಂತ ನಾಲ್ಕು ಬೆರಳು ಹೆಚ್ಚೇ ಬಿಟ್ಟ.

ಕಲ್ಪನಾ ಬಂದು ಸೀರೆ ತೆಗೆದುಕೊಂಡು, ಖಾಲಿ ಮಗ್ಗದ ಫೋಟೋ ಒಂದನ್ನೂ ತೆಗೆಯದೆ ಹೋದಳು. ಅನ್ನವ್ವ ಹೊಸ ಹಾಸನ್ನು ಬಿಚ್ಚಿಸಿ, ಮಗ್ಗದ ಹಿಂದೆ ಕೂತಳು. ಪಕ್ಕದಲ್ಲಿ ತಾಟಿನಲ್ಲಿ, ಎಳೆ ಜಾರದಿರಲೆಂದು, ಬೂದಿ.

"ಲೈಟ್ ಹಾಕಲೇನು?"

"ಹಾಕ್ರಿ, ನಿಮಗ ಬೇಕಂದ್ರ."

ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯದೊಂದು ಎಳೆ ಹೊಸದೊಂದು ಎಳೆ ಸೇರಿಸಿ ಹೊಸೆದಳು. ನಿಂತಿತು. ಎರಡನೆಯದೂ ನಿಂತಿತು. ಮೂರನೆಯದು ಎಳೆದು ನೋಡುವಷ್ಟರಲ್ಲಿ ಬಿಟ್ಟುಕೊಂಡಿತು. ಅನ್ನವ್ವ ಬೆರಳನ್ನು ಮತ್ತೆ ಬೂದಿಗೆ ಅದ್ದಿದಳು. ಕುಬೇರಪ್ಪ ಗೋಡೆ ಹಿಡಿದು ಮೆಲ್ಲಗೆ ಎದುರಿಗೆ ಕೂತು, ಆ ಎಳೆಯ ಎರಡೂ ತುದಿಗಳನ್ನು ಅವಳ ಕೈ ಬರುವ ಜಾಗದಲ್ಲಿ ಹಿಡಿದ.