ಉಣುಗಿನ ಡ್ರಿಲ್ಲು

ಡ್ರಿಲ್ ಮಾಸ್ತರ ಉಚ್ಚಂಗಪ್ಪನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಸೊರಬ ತಾಲ್ಲೂಕಿನ ಒಂದು ಶಾಲೆಯ ಹೆಡ್ಮಾಸ್ತರ. ಲೆಕ್ಕ ಕಲಿಸುವವರಿಲ್ಲದೆ ಮೂರು ತರಗತಿ ಒಬ್ಬನೇ ಹೊರುತ್ತಿದ್ದೆ. ಶಿಕಾರಿಪುರದಿಂದ ಬಂದ ಈ ಮಹಾರಾಯನೋ ಬಯಲಲ್ಲಿ ನಿಂತು ಸೀಟಿ ಊದುತ್ತಿದ್ದ! ಅವನ ಹುದ್ದೆ ರದ್ದು ಮಾಡಿ ಗಣಿತದವರನ್ನು ಕೊಡಿ ಎಂದು ಅರ್ಜಿ ಬರೆದು, ಇನ್‌ಸ್ಪೆಕ್ಟರು ಬರುವುದನ್ನೇ ಕಾಯುತ್ತಿದ್ದೆ.

ಅದು ಐವತ್ತೆಂಟರ ಬೇಸಗೆ. ಹಿಂದಿನ ವರ್ಷ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತುಬಿದ್ದಿದ್ದವು. ಜ್ವರ ಬಂದು ಮಲಗಿದ ಜನರಲ್ಲಿ ಕೆಲವರು ಏಳಲೇ ಇಲ್ಲ. ಉಣುಗು ಕಚ್ಚಿ ಬರುವ ಜ್ವರ ಅದು ಎಂದು ಡಾಕ್ಟರುಗಳು ಹೇಳಿದ್ದೇ ತಡ, ಉಚ್ಚಂಗಪ್ಪನ ಡ್ರಿಲ್ಲೇ ಬದಲಾಯಿತು. ಕಾಡಂಚಿನಿಂದ ನಡೆದು ಬಂದ ಮಕ್ಕಳು ಕಸರತ್ತಿಗೆ ಮುಂಚೆ ಜೋಡಿಯಾಗಿ ನಿಲ್ಲಬೇಕು. ಒಂದನೇ ಸೀಟಿಗೆ ಜೊತೆಯವರ ಕಿವಿಯ ಹಿಂದೆ ನೋಡಬೇಕು, ಎರಡನೆಯದಕ್ಕೆ ಕುತ್ತಿಗೆ, ಮೂರನೆಯದಕ್ಕೆ ಮಂಡಿಯ ಹಿಂದೆ. ಉಣುಗು ಸಿಕ್ಕರೆ ಕಾಗದದಲ್ಲಿ ಹಿಡಿದು ಕಿತ್ತು, ಕಾಗದದ ಸಮೇತ ಶಾಲೆಯ ಹಿಂದಿನ ನೀರೊಲೆಗೆ ಹಾಕಬೇಕು.

ಕುರಿ ಸಾಕುವ ಸಣ್ಣಬೀರಪ್ಪನ ಮಗಳು ಹಾಲಮ್ಮನದು ಹದ್ದಿನ ಕಣ್ಣು. ಆದರೆ ಕುರಿಯ ಮೈಯ ಉಣುಗನ್ನು ಉಗುರಲ್ಲೇ ಹಿಚುಕಿ ಬೆಳೆದವಳು.

“ಉಗುರಾಗ ಹಿಚಕಬ್ಯಾಡವ್ವಾ, ಕಾಗದ ಹಿಡಿ!” ಎಂದು ಉಚ್ಚಂಗಪ್ಪ ದಿನಾ ಬಡಕೊಳ್ಳುತ್ತಿದ್ದ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನವೇ ಅವನಿಗೆ ತಾಕೀತು ಮಾಡಿದೆ: “ನಾಳೆ ಇನ್‌ಸ್ಪೆಕ್ಟರ ಎದುರಿಗೆ ಆ ಹೇನು ಹೆಕ್ಕೋ ಆಟ ಬೇಡ ಕಣಯ್ಯ.”

“ಆಗ್ಲಿ ರೀ ಸಾರ್. ಆದ್ರ ಉಣುಗು ಇನ್‌ಸ್ಪೆಕ್ಟರನ್ನ ಕೇಳ್ಕೊಂಡು ಕಚ್ಚಂಗಿಲ್ಲ,” ಎಂದ. ಎಷ್ಟು ಸೊಕ್ಕು!

ಮರುದಿನ ಬೆಳಿಗ್ಗೆ ಉಳವಿಯಲ್ಲಿ ಬಸ್ಸಿಳಿದ ಇನ್‌ಸ್ಪೆಕ್ಟರನ್ನು ಕಾಡಂಚಿನ ಒಳದಾರಿಯಲ್ಲೇ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಪಕ್ಕದಲ್ಲಿ ನಾನು, ಜೇಬಿನಲ್ಲಿ ಅರ್ಜಿ. ಮಕ್ಕಳ ಸಾಲು ನಮ್ಮ ಕುರ್ಚಿಗಳನ್ನು ಸುತ್ತಿ ಹೋಗುವಾಗ ಹಾಲಮ್ಮ ಸಾಲು ಮುರಿದು ನನ್ನ ಬೆನ್ನಿಗೆ ಬಂದು ನಿಂತಳು.

“ಅಲ್ಲಾಡಬ್ಯಾಡ್ರಿ ಸಾರ್. ಕುತ್ತಿಗೆ ಮ್ಯಾಲೆ ಉಣುಗೈತೆ.”

ಅವಳ ಉಗುರು ಕುತ್ತಿಗೆಗೆ ತಗುಲಿತು. ತಕ್ಷಣ ಹಿಂದೆ ಸರಿಯಿತು.

“ಕಾಗದ ಕೊಡ್ರಿ ಸಾರ್. ಬರಿಗೈಲಿ ಮುಟ್ಟಬಾರ್ದು ಅಂತ ಡ್ರಿಲ್ ಮೇಷ್ಟ್ರು ಹೇಳ್ಯಾರೆ.”

ನಾನು ಮೂರು ವರ್ಷ ಮಗ್ಗಿ ಬಡಿದರೂ ಅವಳಿಗೆ ಏಳರದ್ದು ಬಂದಿರಲಿಲ್ಲ. ಅಜ್ಜ ಮುತ್ತಜ್ಜರ ಕಾಲದ ಚಾಳಿಯನ್ನೇ ಈ ಪುಣ್ಯಾತ್ಮ ಬಿಡಿಸಿದ್ದ! ನನಗೆ ನಾಚಿಕೆಯಾಯಿತು. ಜೇಬಿಗೆ ಕೈ ಹಾಕಿದೆ. ಇದ್ದದ್ದು ಒಂದೇ ಕಾಗದ. ಕೊಟ್ಟೆ.

ಹಾಲಮ್ಮ ಉಣುಗನ್ನು ಕಿತ್ತು, ಕಾಗದವನ್ನು ಭದ್ರವಾಗಿ ಮಡಚಿ ನೀರೊಲೆಯ ಕಡೆ ಓಡಿದಳು. ಉಚ್ಚಂಗಪ್ಪ ಹೆದರಿ ಹತ್ತಿರ ಬಂದ. “ತಪ್ಪಾತ್ರೀ ಸಾರ್, ಇವತ್ತು ಉಣುಗು ನೋಡು ಅಂತ ನಾ ಹೇಳಿರಲಿಲ್ಲ...”

“ಡ್ರಿಲ್ ಹುದ್ದೆ ಬಗ್ಗೆ ಏನೋ ಅರ್ಜಿ ಇದೆ ಅಂದಿದ್ರಲ್ಲ?” ಎಂದು ಇನ್‌ಸ್ಪೆಕ್ಟರು ಕೇಳಿದರು.

“ಅದು ಒಲೆಗೆ ಹೋಯ್ತು ಸಾರ್,” ಎಂದೆ. ಆಮೇಲೆ ಅವನ ಕಡೆ ತಿರುಗಿದೆ. “ಉಚ್ಚಂಗಪ್ಪನವರೇ, ಸೀಟಿ ಊದ್ರೀ. ಸಾಹೇಬ್ರೂ ನನ್ನ ಜೊತೆ ಅದೇ ದಾರೀಲಿ ಬಂದಿದ್ದಾರೆ.”